ಯಂತ್ರವನ್ನು ಕೊಳ್ಳುವ ಮುನ್ನ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಹಿರಿಯರ ಮಾತಿಗೆ ಇಂದಿನ ಗೃಹಸ್ಥನು ಮೂರನೆಯದೊಂದನ್ನು ಸೇರಿಸಿದರೆ ತಪ್ಪಾಗಲಾರದು: ವಿಡಿಯೋ ಸಂಕಲನಕ್ಕೆಂದು ಗಣಕಯಂತ್ರವನ್ನು ಕೊಂಡು ನೋಡು! ಮನೆ ಕಟ್ಟುವವನಿಗೆ ಮೇಸ್ತ್ರಿ ದಾರಿ ತೋರುತ್ತಾನೆ. ಮದುವೆ ಮಾಡುವವನಿಗೆ ಬಂಧುಬಳಗವೆಲ್ಲ ದಾರಿ ತೋರುತ್ತದೆ. ಗಣಕವನ್ನು ಕೊಳ್ಳಹೊರಟವನಿಗಾದರೋ ಅಂಗಡಿಯವನು ಒಂದು ದಾರಿಯನ್ನೂ, ನೆರೆಮನೆಯ ಕಾಲೇಜು ಹುಡುಗನು ಇನ್ನೊಂದನ್ನೂ, ಬೆಂಗಳೂರಿನಲ್ಲಿರುವ ಭಾವಮೈದುನನು ಮತ್ತೊಂದನ್ನೂ ತೋರುತ್ತಾರೆ. ಆ ಮೂರು ದಾರಿಗಳೂ ಮೂರು ಬೇರೆ ಬೇರೆ ಊರುಗಳಿಗೆ ಹೋಗುತ್ತವೆ. ಹೊರಟವನು ಯಾವ ಊರಿಗೆ ಹೋಗಬೇಕಾಗಿದೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಕೊಳ್ಳೇಗಾಲದ ಬೀದಿಯೊಂದರಲ್ಲಿ ಫೋಟೋ ಸ್ಟುಡಿಯೋ ನಡೆಸುವ ಕುಟುಂಬವೊಂದನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಲಿ. ಕೊಳ್ಳೇಗಾಲವೆಂದರೆ ರೇಷ್ಮೆ, ರೇಷ್ಮೆಯೆಂದರೆ ಮದುವೆ, ಮದುವೆಯೆಂದರೆ ಈಗ ವಿಡಿಯೋ. ಆದುದರಿಂದ ಆ ಮನೆಗೆ ಕೆಲಸದ ಕೊರತೆಯಿಲ್ಲ, ಕೊರತೆಯಿರುವುದು ಯಂತ್ರಕ್ಕೆ. 2014ರಲ್ಲಿ ಬಿಡಿಭಾಗಗಳನ್ನು ತರಿಸಿ ಜೋಡಿಸಿದ ಗಣಕವು ಈಗ ಮುದಿ ಎತ್ತಿನಂತಾಗಿದೆ. ಮುಹೂರ್ತದ ದೃಶ್ಯವನ್ನು ತೆರೆಯ ಮೇಲೆ ತಂದರೆ ಮಾಂಗಲ್ಯ ಹಿಡಿದ ಕೈ ವಧುವಿನ ಕೊರಳನ್ನು ಮುಟ್ಟುವ ಮೊದಲೇ ನಿಂತುಬಿಡುತ್ತದೆ. ಓಲಗದವನು ಮಾತ್ರ ಊದುತ್ತಲೇ ಇರುತ್ತಾನೆ. ಒಂದು ಮದುವೆಯ ಸಂಕಲನ ಮುಗಿಯುವುದರೊಳಗೆ ಆ ಮದುವೆಯ ಸೀಮಂತಕ್ಕೆ ಕರೆ ಬಂದಿರುತ್ತದೆ.

ಮಗನು ಮೈಸೂರಿನಲ್ಲಿ ಓದಿ ಬಂದವನು. ಅವನ ಮನಸ್ಸು ಆಪಲ್ ಸಂಸ್ಥೆಯ ಹೊಸ ಮ್ಯಾಕ್ ಯಂತ್ರವೊಂದರ ಮೇಲೆ ನೆಟ್ಟಿದೆ. ಅದರ ಬೆಲೆಯನ್ನು ಕೇಳಿ ತಂದೆ ಮೌನವಾದರು. ತಾಯಿ ಒಳಗಿನಿಂದಲೇ, “ನನ್ನ ಎರಡೆಳೆ ಸರ ಇದೆಯಲ್ಲಪ್ಪ, ಸೊಸೈಟಿಯಲ್ಲಿ ಇಟ್ಟರಾಯಿತು” ಎಂದರು. ತಂದೆ ಅದಕ್ಕೂ ಉತ್ತರ ಕೊಡದೆ, ಬೀರುವಿನ ಮೇಲಿನಿಂದ ರಟ್ಟಿನ ಪೆಟ್ಟಿಗೆಯೊಂದನ್ನು ಇಳಿಸಿ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಆರು ಕ್ಯಾಸೆಟ್ಟುಗಳನ್ನು ತೆಗೆದು ಮೇಜಿನ ಮೇಲಿಟ್ಟರು.

“ಮಗಾ, ಇವು ಆ ಯಂತ್ರದಲ್ಲಿ ಬರುತ್ತವೆಯೇ?”

ಅವು ಮಿನಿ ಡಿವಿ ಎಂಬ ಜಾತಿಯ ಕ್ಯಾಸೆಟ್ಟುಗಳು. 2006ರಲ್ಲಿ, ಚಿಕ್ಕಲ್ಲೂರಿನ ಜಾತ್ರೆಯ ಸಮಯದಲ್ಲಿ, ವೃದ್ಧ ನೀಲಗಾರರೊಬ್ಬರು ಇಡೀ ರಾತ್ರಿ ತಂಬೂರಿ ಮೀಟುತ್ತ ಮಂಟೇಸ್ವಾಮಿಯ ಕಥೆಯನ್ನು ಹಾಡಿದ್ದನ್ನು ತಂದೆ ಅವುಗಳಲ್ಲಿ ಹಿಡಿದಿಟ್ಟಿದ್ದರು. ಹಣಕ್ಕಾಗಿ ಮಾಡಿದ ಕೆಲಸವಲ್ಲ; ಹಾಡು ಕೇಳುತ್ತ ಕುಳಿತವರು ಎದ್ದು ಹೋಗಲಾರದೆ ಮಾಡಿದ ಕೆಲಸ. ಆ ನೀಲಗಾರರು ಈಗಿಲ್ಲ. ಅವರ ಹಾಡು ಆ ಆರು ಕ್ಯಾಸೆಟ್ಟುಗಳ ಹೊರತು ಬೇರೆಲ್ಲಿಯೂ ಇಲ್ಲ.

ಮಗನು ಮೊದಲು ನಕ್ಕನು. ಹಳೆಯ ಕ್ಯಾಸೆಟ್ಟಿಗೂ ಹೊಸ ಯಂತ್ರಕ್ಕೂ ಎಲ್ಲಿಯ ಸಂಬಂಧವೆಂದು ಅವನಿಗೆ ತೋರಿತು. ಆದರೆ ತಂದೆಯ ಪ್ರಶ್ನೆಯೇ ಸರಿಯಾದ ಪ್ರಶ್ನೆಯಾಗಿತ್ತು ಎಂಬುದನ್ನು ಅವನು ಒಂದು ವಾರದ ವಿಚಾರಣೆಯ ತರುವಾಯ ಒಪ್ಪಿಕೊಳ್ಳಬೇಕಾಯಿತು.

* * *

ಎತ್ತು ಕೊಳ್ಳಲು ಹೊರಟ ರೈತನು ಮೊದಲು ತನ್ನ ಹೊಲದ ಮಣ್ಣನ್ನು ನೋಡಿಕೊಳ್ಳುತ್ತಾನೆ. ಆಮೇಲೆ ನೇಗಿಲನ್ನು, ಆಮೇಲೆ ಎತ್ತನ್ನು. ಗಣಕದ ವ್ಯಾಪಾರದಲ್ಲಿ ಈ ಕ್ರಮವು ಹೆಚ್ಚಾಗಿ ತಲೆಕೆಳಗಾಗುತ್ತದೆ. ಜನರು ಮೊದಲು ಯಂತ್ರವನ್ನು ಮೆಚ್ಚುತ್ತಾರೆ. ಅದರ ಜೊತೆಗೆ ಬಂದ ಕಾರ್ಯಾಚರಣ ವ್ಯವಸ್ಥೆಯನ್ನು ಒಪ್ಪಿಕೊಳ್ಳುತ್ತಾರೆ. ಅದರ ಮೇಲೆ ನಡೆಯುವ ತಂತ್ರಾಂಶವನ್ನು ಹುಡುಕುತ್ತಾರೆ. ಕೊನೆಗೆ ತಮ್ಮ ಕೆಲಸವು ಅದರಲ್ಲಿ ಸಾಗುವುದೋ ಇಲ್ಲವೋ ಎಂದು ನೋಡುತ್ತಾರೆ. ನಡೆಯಬೇಕಾದದ್ದು ಇದರ ವಿಲೋಮ. ಕೆಲಸ ಮೊದಲು, ತಂತ್ರಾಂಶ ಅನಂತರ, ವ್ಯವಸ್ಥೆ ಆಮೇಲೆ, ಯಂತ್ರ ಕಟ್ಟಕಡೆಗೆ. ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಮಾತು ಇದೊಂದೇ. ಉಳಿದದ್ದೆಲ್ಲ ಅದರ ವಿವರಣೆ.

ಮೊದಲನೆಯದು ಕೆಲಸ. ಆ ಸ್ಟುಡಿಯೋವಿಗೆ ಬರುವ ಸಾಮಗ್ರಿ ಯಾವುದು? ತಮ್ಮದೇ ಎರಡು ಕ್ಯಾಮರಾಗಳು ಹಿಡಿದ ದೃಶ್ಯಗಳು; ಬೀಗರ ಮನೆಯವರು ಮೊಬೈಲಿನಲ್ಲಿ ಹಿಡಿದು, “ಇದನ್ನೂ ಸೇರಿಸಿಬಿಡಿ” ಎಂದು ಕಳುಹಿಸುವ ತುಣುಕುಗಳು; ಬೀರುವಿನ ಮೇಲಿನ ಹಳೆಯ ಕ್ಯಾಸೆಟ್ಟುಗಳು. ಇವು ಮೂರೂ ನೋಡಲು ವಿಡಿಯೋಗಳೇ ಆದರೂ ಒಳಗಿನ ಹೆಣಿಗೆಯಲ್ಲಿ ಬೇರೆ ಬೇರೆ.

ಈ ಹೆಣಿಗೆಯನ್ನು ಕೊಳ್ಳೇಗಾಲದವರಿಗೆ ವಿವರಿಸುವುದು ಕಷ್ಟವಲ್ಲ. ರೇಷ್ಮೆಗೂಡಿನಲ್ಲಿ ನೂರಾರು ಮೀಟರು ಉದ್ದದ ಎಳೆಯು ಸುತ್ತಿಕೊಂಡು ಹೆಬ್ಬೆರಳಿನಷ್ಟು ಜಾಗದಲ್ಲಿ ಅಡಗಿರುತ್ತದೆ. ನೂಲು ಬಿಚ್ಚಾಣಿಕೆಯವನು ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಯ ತುದಿಯನ್ನು ಹುಡುಕಿ, ಅಲ್ಲಿಂದ ಬಿಚ್ಚುತ್ತ ಬರಬೇಕೇ ಹೊರತು ಗೂಡಿನ ನಡುವೆ ಕೈಹಾಕಿ ಬೇಕಾದ ಎಳೆಯನ್ನು ಎಳೆದುಕೊಳ್ಳಲಾಗದು. ಇಂದಿನ ಕ್ಯಾಮರಾಗಳೂ ಮೊಬೈಲುಗಳೂ ಬಳಸುವ ಎಚ್.264, ಎಚ್.265 ಎಂಬ ಪದ್ಧತಿಗಳು ಇಂತಹ ಗೂಡುಗಳೇ. ಮೊದಲನೆಯದು 2003ರಲ್ಲಿ, ಎರಡನೆಯದು 2013ರಲ್ಲಿ ಬಂದವು. ಇವುಗಳಲ್ಲಿ ಪ್ರತಿಯೊಂದು ಚಿತ್ರವೂ ಪೂರ್ಣವಾಗಿ ದಾಖಲಾಗುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರ. ನಡುವೆ ಬರುವುದೆಲ್ಲ ಹಿಂದಿನದಕ್ಕಿಂತ ಏನು ಬದಲಾಯಿತು ಎಂಬ ಲೆಕ್ಕ ಮಾತ್ರ. ಸಂಕಲನಕಾರನು ನಡುವಿನ ಒಂದು ಚಿತ್ರವನ್ನು ಬೇಡಿದರೆ ಯಂತ್ರವು ಹಿಂದಿನ ಪೂರ್ಣ ಚಿತ್ರಕ್ಕೆ ಹೋಗಿ ಅಲ್ಲಿಂದ ಬಿಚ್ಚುತ್ತ ಬರಬೇಕು. 4ಕೆ ಎಂಬ ದೊಡ್ಡ ಅಳತೆಯ ದೃಶ್ಯವು ಗೂಡಿನಲ್ಲಿರುವಾಗ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟಿನಷ್ಟಿದ್ದರೆ, ಬಿಚ್ಚಿದ ಮೇಲೆ ಸೆಕೆಂಡಿಗೆ 620 ಮೆಗಾಬೈಟಿನಷ್ಟಾಗುತ್ತದೆ. ಮಾಂಗಲ್ಯ ಹಿಡಿದ ಕೈ ನಡುವೆ ನಿಂತುಬಿಡುವುದು ಇದರಿಂದಲೇ. ಕ್ಯಾಮರಾದ ದೋಷವಲ್ಲ, ಓಲಗದವನ ದೋಷವೂ ಅಲ್ಲ.

ಹಳೆಯ ಮಿನಿ ಡಿವಿ ಕ್ಯಾಸೆಟ್ಟಿನಲ್ಲಿ ಪ್ರತಿಯೊಂದು ಚಿತ್ರವೂ ತನ್ನಷ್ಟಕ್ಕೆ ತಾನು ಪೂರ್ಣವಾಗಿರುತ್ತದೆ. ಅದು ಗೂಡಲ್ಲ, ಮೊದಲೇ ಬಿಚ್ಚಿ ಸುತ್ತಿಟ್ಟ ಲಡಿ. ಆದುದರಿಂದ ಅದನ್ನು ಕತ್ತರಿಸಿ ಜೋಡಿಸಲು ಮುದಿ ಗಣಕವೂ ಸಾಕು. ಈ ಮಾತು ಕಥೆಯ ಕೊನೆಯಲ್ಲಿ ಬೇಕಾಗುತ್ತದೆ.

* * *

ಎರಡನೆಯದು ತಂತ್ರಾಂಶ, ಮೂರನೆಯದು ವ್ಯವಸ್ಥೆ. ಇವೆರಡರ ಸಂಬಂಧವು ಅಡಿಗೆಯವನಿಗೂ ಮದುವೆ ಛತ್ರದ ಮೇನೇಜರಿಗೂ ಇರುವ ಸಂಬಂಧದಂತೆ. ಒಲೆ ಯಾರಿಗೆ, ನೀರು ಎಷ್ಟು, ಉಗ್ರಾಣದ ಬೀಗ ಯಾರ ಕೈಯಲ್ಲಿ ಎಂಬುದನ್ನೆಲ್ಲ ಮೇನೇಜರು ನೋಡಿಕೊಳ್ಳುತ್ತಾನೆ. ಊಟದ ರುಚಿ ಅಡಿಗೆಯವನ ಕೈಯಲ್ಲಿರುತ್ತದೆ. ಕೆಲವು ಅಡಿಗೆಯವರು ಕೆಲವು ಛತ್ರಗಳಿಗೆ ಮಾತ್ರ ಬರುತ್ತಾರೆ. ಛತ್ರವನ್ನು ಮೊದಲೇ ಗೊತ್ತುಮಾಡಿಬಿಟ್ಟರೆ ಅಡಿಗೆಯವನ ಆಯ್ಕೆ ಅರ್ಧ ಮುಗಿದಂತೆಯೇ.

ಫೈನಲ್ ಕಟ್ ಎಂಬ ತಂತ್ರಾಂಶವು ಆಪಲ್ ಸಂಸ್ಥೆಯದು. ಅದು ಅವರ ಯಂತ್ರಗಳನ್ನು ಬಿಟ್ಟು ಹೊರಗೆ ಕಾಲಿಡುವುದಿಲ್ಲ. ಅಡೋಬಿ ಸಂಸ್ಥೆಯ ಪ್ರೀಮಿಯರ್ ವಿಂಡೋಸಿನಲ್ಲಿಯೂ ಮ್ಯಾಕಿನಲ್ಲಿಯೂ ನಡೆಯುತ್ತದೆ, ಲಿನಕ್ಸಿಗೆ ಬರುವುದಿಲ್ಲ. 2013ರಿಂದೀಚೆಗೆ ಅದರ ಹೊಸ ಆವೃತ್ತಿಗಳನ್ನು ಕೊಳ್ಳುವಂತಿಲ್ಲ, ಬಾಡಿಗೆಗೆ ಪಡೆಯಬೇಕು. ಮದುವೆಯ ತಿಂಗಳುಗಳಲ್ಲಿ ಬಾಡಿಗೆ ಹೊರೆಯೆನಿಸುವುದಿಲ್ಲ. ಆಷಾಢವೂ ಒಂದು ತಿಂಗಳೆಂಬುದನ್ನು, ಬಾಡಿಗೆ ನಿಂತ ದಿನ ತಾವೇ ಹೆಣೆದ ಕೆಲಸವೂ ಆ ತಂತ್ರಾಂಶದಲ್ಲಿ ತೆರೆಯದೆಂಬುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಡಾವಿಂಚಿ ರಿಸಾಲ್ವ್ ಎಂಬುದು ಚಲಚ್ಚಿತ್ರಗಳ ವರ್ಣ ತಿದ್ದುವಿಕೆಗೆ ಹುಟ್ಟಿದ ತಂತ್ರಾಂಶ. ಆಸ್ಟ್ರೇಲಿಯದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಸಂಸ್ಥೆಯು 2009ರಲ್ಲಿ ಅದನ್ನು ಕೊಂಡಿತು. ಅದರ ಒಂದು ಆವೃತ್ತಿ ಉಚಿತ. ಇನ್ನೊಂದಕ್ಕೆ ಒಮ್ಮೆ ಹಣ ಕೊಟ್ಟರೆ ಸಾಕು. ಉಚಿತವಾದದ್ದರಲ್ಲಿಯೇ 4ಕೆ ಅಳತೆಯವರೆಗೆ ಕೆಲಸ ಮಾಡಬಹುದು. ಆದರೆ ಕತ್ತಲಲ್ಲಿ ಹಿಡಿದ ದೃಶ್ಯಗಳ ಕಾಳುಕಾಳನ್ನು ನೀಗುವ ಸಲಕರಣೆ ಹಣ ಕೊಟ್ಟವರಿಗೆ ಮಾತ್ರ. ಅದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಇಲ್ಲಿಯೇ ಎಚ್ಚರಿಕೆ ಬೇಕಾದುದು. ಲಿನಕ್ಸಿನ ಮೇಲೆ ಅದರ ಉಚಿತ ಆವೃತ್ತಿಯು ಎಚ್.264, ಎಚ್.265 ಗೂಡುಗಳನ್ನು ಬಿಚ್ಚುವುದಿಲ್ಲ. ವ್ಯವಸ್ಥೆಯೂ ಉಚಿತ, ತಂತ್ರಾಂಶವೂ ಉಚಿತವೆಂದು ಹಿಗ್ಗಿ ಒಂದು ದಿನವಿಡೀ ಕುಳಿತು ಎರಡನ್ನೂ ಅಳವಡಿಸಿದವನು, ಸಂಜೆ ಬೀಗರ ಮೊಬೈಲಿನ ತುಣುಕನ್ನು ಒಳಗೆ ತಂದಾಗ ಬರಿಯ ಖಾಲಿ ತೆರೆಯನ್ನು ನೋಡಬೇಕಾಗುತ್ತದೆ. ‘ನಡೆಯುತ್ತದೆ’ ಎಂಬ ಮಾತಿಗೂ ‘ನಮ್ಮ ಕೆಲಸಕ್ಕೆ ನಡೆಯುತ್ತದೆ’ ಎಂಬ ಮಾತಿಗೂ ಇರುವ ಅಂತರವು ಅಂಗಡಿಯ ಪಟ್ಟಿಯಲ್ಲಿ ಕಾಣಿಸುವುದಿಲ್ಲ.

ನಾಲ್ಕನೆಯದು ಕೆಡೆನ್‌ಲೈವ್. 2002ರಲ್ಲಿ ಆರಂಭವಾದ ಈ ತಂತ್ರಾಂಶವು ಸ್ವಯಂಸೇವಕರ ಕೈಯಲ್ಲಿ ಬೆಳೆದದ್ದು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಲಿನಕ್ಸ್ ಅದರ ತವರುಮನೆ. ವಿಂಡೋಸಿನಲ್ಲಿಯೂ ಮ್ಯಾಕಿನಲ್ಲಿಯೂ ಇರುತ್ತದೆ. ಎಫ್‌ಎಫ್‌ಎಂಪೆಗ್ ಎಂಬ ಭಂಡಾರವೊಂದರ ಬೆಂಬಲವಿರುವುದರಿಂದ ಹಳತು ಹೊಸತೆನ್ನದೆ ಬಹುಮಟ್ಟಿಗೆ ಎಲ್ಲ ಜಾತಿಯ ಗೂಡುಗಳನ್ನೂ ಅದು ಬಿಚ್ಚಬಲ್ಲದು. ವರ್ಣದ ಸೂಕ್ಷ್ಮಗಳಲ್ಲಿ ರಿಸಾಲ್ವಿನ ಸಮಕ್ಕೆ ಬಾರದು. ಆದರೆ ಅದರಲ್ಲಿ ಹೆಣೆದ ಕೆಲಸದ ಕಡತವು ಬರಿಯ ಅಕ್ಷರಗಳ ಕಡತ. ಹತ್ತು ವರ್ಷಗಳ ಅನಂತರ ತೆರೆದರೂ ಯಾವ ತುಣುಕಿನ ಮುಂದೆ ಯಾವುದು ಇತ್ತೆಂದು ಓದಿಕೊಳ್ಳಬಹುದು.

* * *

ಕನ್ನಡಿಗರಿಗೆ ಮಾತ್ರ ಇರುವ ಪರೀಕ್ಷೆಯೊಂದುಂಟು. ಅದನ್ನು ಬೆಂಗಳೂರಿನ ಭಾವಮೈದುನನು ಹೇಳಿರಲಾರನು. ವಿಡಿಯೋವಿನ ಮೊದಲ ತೆರೆಯಲ್ಲಿ ‘ಶ್ರೀ ಮಲೆ ಮಹದೇಶ್ವರ ಪ್ರಸನ್ನ’ ಎಂದು ಬರೆಯಬೇಕು. ಒತ್ತಕ್ಷರಗಳು ಅಕ್ಷರದ ಕೆಳಗೆ ಕುಳಿತುಕೊಳ್ಳುತ್ತವೆಯೋ, ಅಥವಾ ಮುನಿಸಿಕೊಂಡ ನೆಂಟರಂತೆ ಪಕ್ಕಕ್ಕೆ ಸರಿದು ನಿಲ್ಲುತ್ತವೆಯೋ ಎಂದು ನೋಡಬೇಕು. ಪ್ರೀಮಿಯರಿನಲ್ಲಿ ದಕ್ಷಿಣ ಏಷ್ಯದ ಲಿಪಿಗಳಿಗೆಂದೇ ಇರುವ ಆಯ್ಕೆಯನ್ನು ಸೆಟ್ಟಿಂಗಿನಲ್ಲಿ ಆರಿಸದಿದ್ದರೆ ಒತ್ತಕ್ಷರಗಳು ಕೆಡುತ್ತವೆ. ಅನೇಕರಿಗೆ ಈ ಆಯ್ಕೆ ಇರುವುದೇ ತಿಳಿಯದು. ಆದುದರಿಂದ ಹಳೆಯ ಪದ್ಧತಿಯ ನುಡಿ ಫಾಂಟುಗಳಲ್ಲಿ ಬರೆದು ಅಂಟಿಸುವ ರೂಢಿ ಇನ್ನೂ ಉಳಿದಿದೆ. ಆ ಫಾಂಟು ಇಲ್ಲದ ಗಣಕದಲ್ಲಿ ಅದೇ ಕೆಲಸವನ್ನು ತೆರೆದರೆ ದೇವರ ಹೆಸರಿದ್ದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಕನ್ನಡವು 1991ರಿಂದಲೂ ಯೂನಿಕೋಡಿನಲ್ಲಿದೆ; ವಿಂಡೋಸಿನಲ್ಲಿ ತುಂಗಾ, ನಿರ್ಮಲಾ, ಎಲ್ಲ ವ್ಯವಸ್ಥೆಗಳಿಗೂ ಉಚಿತವಾಗಿ ಸಿಗುವ ನೋಟೋ ಮೊದಲಾದ ಫಾಂಟುಗಳಿವೆ. ಯೂನಿಕೋಡಿನಲ್ಲಿ ಬರೆದದ್ದು ಸರಿಯಾಗಿ ಮೂಡುವ ತಂತ್ರಾಂಶವನ್ನೇ ಆರಿಸುವುದು ವಿವೇಕ. ವಧೂವರರ ಹೆಸರು ತಪ್ಪಾದ ಮದುವೆ ವಿಡಿಯೋವಿಗೆ ಎಂತಹ ವರ್ಣ ತಿದ್ದುವಿಕೆಯೂ ಮರ್ಯಾದೆ ತರಲಾರದು.

* * *

ಇನ್ನು ಯಂತ್ರ. ಇಲ್ಲಿ ಜನರು ಮಾಡುವ ತಪ್ಪು ಸಾಮಾನ್ಯವಾಗಿ ಒಂದೇ: ಅತಿ ದೊಡ್ಡ ಪ್ರಾಸೆಸರಿಗೆ ಹಣವನ್ನೆಲ್ಲ ಸುರಿದು, ಉಳಿದ ಭಾಗಗಳನ್ನು ಚಿಲ್ಲರೆಯಲ್ಲಿ ಮುಗಿಸುವುದು.

ಗೂಡು ಬಿಚ್ಚುವುದಕ್ಕೆಂದೇ ಪ್ರತ್ಯೇಕ ಅಂಗವೊಂದನ್ನು ಇಂಟೆಲ್ ಸಂಸ್ಥೆಯು 2011ರಿಂದ ತನ್ನ ಪ್ರಾಸೆಸರುಗಳ ಚಿತ್ರಭಾಗದಲ್ಲಿ ಇರಿಸುತ್ತ ಬಂದಿದೆ. ಹೆಸರಿನ ಕೊನೆಗೆ ‘ಎಫ್’ ಎಂಬ ಅಕ್ಷರವಿರುವ ಪ್ರಾಸೆಸರುಗಳಲ್ಲಿ ಆ ಭಾಗವು ಕೆಲಸ ಮಾಡುವುದಿಲ್ಲ. ಅವು ಸ್ವಲ್ಪ ಅಗ್ಗವಾಗಿರುವುದು ಆ ಕಾರಣದಿಂದಲೇ. ಸಂಕಲನದ ಕೆಲಸಕ್ಕೆ ಅದು ದುಬಾರಿಯ ಅಗ್ಗ. ರಿಸಾಲ್ವನ್ನು ಬಳಸುವವರಿಗೆ ಪ್ರತ್ಯೇಕವಾದ ಗ್ರಾಫಿಕ್ಸ್ ಕಾರ್ಡೂ ಬೇಕು. 4ಕೆ ಕೆಲಸಕ್ಕೆ ಆ ಕಾರ್ಡಿನ ಸ್ವಂತ ನೆನಪು 8 ಗಿಗಾಬೈಟಿಗಿಂತ ಕಡಿಮೆಯಿರದಿದ್ದರೆ ಒಳ್ಳೆಯದು. ಕೆಡೆನ್‌ಲೈವ್ ಹೆಚ್ಚಾಗಿ ಪ್ರಾಸೆಸರಿನ ಬಲದಿಂದಲೇ ನಡೆಯುವುದರಿಂದ ಆ ಖರ್ಚನ್ನು ಮುಂದೂಡಬಹುದು. ನೋಡಿ, ತಂತ್ರಾಂಶವು ಗೊತ್ತಾಗದೆ ಯಂತ್ರವನ್ನು ಗೊತ್ತುಮಾಡಿದರೆ ಬೇಡದ ಕಡೆ ಹಣ ಹೋಗುವುದು ಹೀಗೆಯೇ. ಗಣಕದ ರ‍್ಯಾಮ್ 16 ಗಿಗಾಬೈಟಿದ್ದರೆ ಕೆಲಸ ಸಾಗುತ್ತದೆ. 32 ಇದ್ದರೆ ಸುಖವಾಗಿ ಸಾಗುತ್ತದೆ.

ಮ್ಯಾಕ್ ಯಂತ್ರದ ಪರವಾಗಿ ಹೇಳಬೇಕಾದುದನ್ನೂ ಹೇಳುವುದು ನ್ಯಾಯ. 2020ರ ನವೆಂಬರಿನಿಂದ ಆಪಲ್ ತನ್ನದೇ ಪ್ರಾಸೆಸರುಗಳನ್ನು ಅಳವಡಿಸತೊಡಗಿತು. ಆ ಯಂತ್ರಗಳು ಗೂಡು ಬಿಚ್ಚುವುದರಲ್ಲಿ ಚುರುಕು, ವಿದ್ಯುತ್ತನ್ನು ಮಿತವಾಗಿ ಕುಡಿಯುತ್ತವೆ, ಸದ್ದಿಲ್ಲದೆ ದುಡಿಯುತ್ತವೆ. ಮೊಬೈಲು ಮತ್ತು ಹೊಸ ಕ್ಯಾಮರಾಗಳ ಕೆಲಸವೊಂದೇ ಇರುವವರಿಗೆ, ಕೈಯಲ್ಲಿ ಹಣವಿರುವವರಿಗೆ, ಅವು ಒಳ್ಳೆಯ ಆಯ್ಕೆಯೇ ಸರಿ. ಆದರೆ ಕೊಂಡ ದಿನದ ರ‍್ಯಾಮೇ ಕೊನೆಯವರೆಗಿನ ರ‍್ಯಾಮ್, ಆಮೇಲೆ ಸೇರಿಸುವಂತಿಲ್ಲ. ಜೋಡಿಸಿದ ಗಣಕವನ್ನಾದರೆ ಈ ವರ್ಷ ಅಷ್ಟು, ಮುಂದಿನ ವರ್ಷ ಇಷ್ಟು ಎಂದು ಹಾಸಿಗೆ ಇದ್ದಷ್ಟು ಕಾಲು ಚಾಚುತ್ತ ಬೆಳೆಸಬಹುದು.

ಯಂತ್ರವು ದುರ್ಬಲವಾಗಿದ್ದರೂ ಕೆಲಸ ನಡೆಸುವ ಉಪಾಯವೊಂದಿದೆ, ಅದು ಹೊಸದೇನಲ್ಲ. ಕೊಳ್ಳೇಗಾಲದ ಸೀಮೆಯ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜರು 1954ರಲ್ಲಿ ‘ಬೇಡರ ಕಣ್ಣಪ್ಪ’ದಿಂದ ರಾಜಕುಮಾರರಾದ ಕಾಲದಲ್ಲಿ ಚಲಚ್ಚಿತ್ರದ ಸಂಕಲನವೆಂದರೆ ಕತ್ತರಿ ಮತ್ತು ಅಂಟಿನ ಕೆಲಸ. ಮೂಲ ನೆಗೆಟಿವನ್ನು ಸಂಕಲನಕಾರನು ಮುಟ್ಟುತ್ತಿರಲಿಲ್ಲ. ಅದರಿಂದ ಒಂದು ಪ್ರತಿಯನ್ನು ತೆಗೆಸಿ, ಅದನ್ನು ಬೇಕಾದಂತೆ ಕತ್ತರಿಸಿ, ಅಂಟಿಸಿ, ಎಲ್ಲವೂ ತೀರ್ಮಾನವಾದ ಮೇಲೆ ಆ ಪ್ರತಿಯ ಪ್ರಕಾರ ನೆಗೆಟಿವನ್ನು ಒಮ್ಮೆ ಕತ್ತರಿಸುವುದು ಪದ್ಧತಿಯಾಗಿತ್ತು. ಇಂದಿನ ತಂತ್ರಾಂಶಗಳಲ್ಲಿ ಅದಕ್ಕೆ ಪ್ರಾಕ್ಸಿ ಎಂದು ಹೆಸರು. ದೊಡ್ಡ ದೃಶ್ಯಗಳ ಚಿಕ್ಕ ಪ್ರತಿಗಳನ್ನು ರಾತ್ರಿ ಗಣಕವೇ ತಯಾರಿಸಿಡುತ್ತದೆ. ಹಗಲು ಆ ಪ್ರತಿಗಳ ಮೇಲೆ ಸಂಕಲನ ನಡೆಸಿ, ಕೊನೆಯಲ್ಲಿ ಮೂಲದಿಂದ ಅಂತಿಮ ಚಿತ್ರವನ್ನು ತೆಗೆಯಬಹುದು. ಮೇಲೆ ಹೇಳಿದ ನಾಲ್ಕು ತಂತ್ರಾಂಶಗಳಲ್ಲಿಯೂ ಈ ಅನುಕೂಲವುಂಟು. ಸರವನ್ನು ಅಡವಿಡುವ ಮೊದಲು ಈ ಉಪಾಯವನ್ನು ಒಂದು ತಿಂಗಳು ಪರೀಕ್ಷಿಸಿ ನೋಡುವುದು ಯಾವ ಮನೆಗೂ ನಷ್ಟವಲ್ಲ.

ಯಂತ್ರಕ್ಕಿಂತಲೂ ಮುಖ್ಯವಾದದ್ದು ಸಂಗ್ರಹ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಹಿಡಿದ 4ಕೆ ದೃಶ್ಯವು ಗಂಟೆಗೆ 45 ಗಿಗಾಬೈಟು ತಿನ್ನುತ್ತದೆ. ರಾತ್ರಿ ಎಂಟು ಗಂಟೆಗಳ ಹಾಡಿಗೆ ಒಂದು ಕ್ಯಾಮರಾದಿಂದ 360, ಎರಡರಿಂದ 720 ಗಿಗಾಬೈಟು. ಅದನ್ನೇ ಸಾಧಾರಣ ಎಚ್‌ಡಿ ಅಳತೆಯಲ್ಲಿ 24 ಮೆಗಾಬಿಟ್ ದರದಿಂದ ಹಿಡಿದರೆ ಒಂದು ಕ್ಯಾಮರಾದ ಎಂಟು ಗಂಟೆಗೆ 86 ಗಿಗಾಬೈಟು ಸಾಕು. ನಡೆಯುತ್ತಿರುವ ಕೆಲಸಕ್ಕೆ ವೇಗದ ಎಸ್‌ಎಸ್‌ಡಿ ಬೇಕು. ಮುಗಿದ ಕೆಲಸವನ್ನು ಇಡಲು ಸಾಧಾರಣ ಹಾರ್ಡ್ ಡಿಸ್ಕು ಸಾಕು. ಆದರೆ ಡಿಸ್ಕು ಒಂದಲ್ಲ. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಬೇರೆ ಮನೆಯಲ್ಲಿ ಎಂಬುದು ಅನುಭವಿಗಳ ನಿಯಮ. ಯಂತ್ರದ ಬೆಲೆಯ ಲೆಕ್ಕದಲ್ಲಿ ಈ ಡಿಸ್ಕುಗಳ ಬೆಲೆಯನ್ನು ಮೊದಲೇ ತೆಗೆದಿಟ್ಟು, ಉಳಿದದ್ದರಲ್ಲಿ ಯಂತ್ರವನ್ನು ನೋಡಬೇಕೇ ಹೊರತು, ಯಂತ್ರವನ್ನು ಕೊಂಡು ಉಳಿದ ಚಿಲ್ಲರೆಯಲ್ಲಿ ಡಿಸ್ಕನ್ನು ನೋಡಬಾರದು.

ಕೊಳ್ಳೇಗಾಲದ ಪಕ್ಕದಲ್ಲಿಯೇ ಇರುವ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಅಷ್ಟು ದೂರ ಹೋದ ವಿದ್ಯುತ್ತು ಮಳೆಗಾಲದ ಸಂಜೆಯೊಂದರಲ್ಲಿ ಪಕ್ಕದ ಊರಿಗೆ ಬರಲು ಮರೆಯುವುದೂ ಉಂಟು. ಬರೆಯುತ್ತಿರುವಾಗ ಹಠಾತ್ತನೆ ಶಕ್ತಿ ಕಳೆದುಕೊಂಡ ಡಿಸ್ಕಿನಲ್ಲಿ ಕಡತಗಳು ಕೆಡಬಲ್ಲವು. ಆದುದರಿಂದ ಕೆಲಸವನ್ನು ಉಳಿಸಿ ಗಣಕವನ್ನು ಸಮಾಧಾನವಾಗಿ ಮುಚ್ಚುವಷ್ಟು ಹೊತ್ತು ನಿಲ್ಲುವ ಯುಪಿಎಸ್ ಒಂದು ಅನಿವಾರ್ಯ.

* * *

ಮತ್ತೆ ಆ ಮನೆಗೆ. ಮಗನು ತಂದೆಯ ಕ್ಯಾಸೆಟ್ಟುಗಳ ಬಗ್ಗೆ ವಿಚಾರಿಸತೊಡಗಿದನು. ಮಿನಿ ಡಿವಿ ಕ್ಯಾಮರಾದಿಂದ ಗಣಕಕ್ಕೆ ದೃಶ್ಯವು ಇದ್ದದ್ದು ಇದ್ದಂತೆ ಬರಬೇಕಾದರೆ ಫೈರ್‌ವೈರ್ ಎಂಬ ತಂತಿಯ ಮೂಲಕ ಬರಬೇಕು. ಆ ತಂತಿಗೆ ಆ ಹೆಸರನ್ನಿಟ್ಟದ್ದು ಆಪಲ್ ಸಂಸ್ಥೆಯೇ. ಆದರೆ 2025ರ ಸೆಪ್ಟೆಂಬರಿನಲ್ಲಿ ಬಂದ ಮ್ಯಾಕ್‌ಓಎಸ್ 26ರಲ್ಲಿ ಅದೇ ಸಂಸ್ಥೆಯು ಫೈರ್‌ವೈರಿನ ಬೆಂಬಲವನ್ನು ಕೈಬಿಟ್ಟಿತು. ಅವನು ಮೆಚ್ಚಿದ ಹೊಸ ಯಂತ್ರವು ಆ ಹಾಡನ್ನು ಓದಲಾರದು. ಸರವನ್ನು ಅಡವಿಟ್ಟು ಅದನ್ನೇ ತಂದಿದ್ದರೆ ಮದುವೆಗಳೆಲ್ಲ ಚೆನ್ನಾಗಿ ಬರುತ್ತಿದ್ದವು. ಆ ಆರು ಕ್ಯಾಸೆಟ್ಟುಗಳು ಬೀರುವಿನ ಮೇಲೆಯೇ ಉಳಿಯುತ್ತಿದ್ದವು.

ಲಿನಕ್ಸ್ ಮಾತ್ರ ಫೈರ್‌ವೈರನ್ನು ಇನ್ನೂ ಬಿಟ್ಟಿಲ್ಲ. 2029ರವರೆಗೆ ಅದನ್ನು ಕಾಪಾಡಿಕೊಂಡು ಬರುವ ಯೋಜನೆಯೂ ಇದೆ. ಆ ಮುದಿ ಗಣಕವೋ, 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಅನಾಥವಾಗಿತ್ತು. ಅಷ್ಟು ಹಳೆಯ ಪ್ರಾಸೆಸರನ್ನು ವಿಂಡೋಸ್ 11 ಒಪ್ಪುವುದಿಲ್ಲ. ಗುಜರಿಗೆ ಹೋಗಬೇಕಾಗಿದ್ದ ಆ ಯಂತ್ರಕ್ಕೆ ಮಗನು ಲಿನಕ್ಸನ್ನು ಹಾಕಿ, ಕಡಿಮೆ ಬೆಲೆಯ ಫೈರ್‌ವೈರ್ ಕಾರ್ಡೊಂದನ್ನು ತರಿಸಿ ಕೂರಿಸಿದನು. ಮದುವೆಗಳ ಕೆಲಸಕ್ಕೆ ಮ್ಯಾಕಿನ ಬದಲು ಸಾಧಾರಣ ಬೆಲೆಯ ಹೊಸ ಗಣಕವನ್ನು ಜೋಡಿಸಿ, ವಿಂಡೋಸನ್ನೂ ರಿಸಾಲ್ವಿನ ಉಚಿತ ಆವೃತ್ತಿಯನ್ನೂ ಅಳವಡಿಸಿದನು. ಸ್ಟುಡಿಯೋವಿನ ಗಳಿಕೆಯಲ್ಲಿ ಉಳಿಸಿದ್ದ ಹಣ ಅದಕ್ಕೆ ಸಾಕಾಯಿತು, ಡಿಸ್ಕುಗಳಿಗೂ ಮಿಕ್ಕಿತು. ಎರಡೆಳೆ ಸರ ಸೊಸೈಟಿಯ ಮೆಟ್ಟಿಲು ಹತ್ತಲಿಲ್ಲ.

ಒಂದು ಭಾನುವಾರ ತಂದೆ ಹಳೆಯ ಕ್ಯಾಮರಾವನ್ನು ಒರೆಸಿ ಮೊದಲ ಕ್ಯಾಸೆಟ್ಟನ್ನು ಹಾಕಿದರು. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು. ಯಾವ ಯಂತ್ರವೂ ಅದನ್ನು ಅವಸರಪಡಿಸಲಾರದು. ಆರು ಗಂಟೆಗಳು, 78 ಗಿಗಾಬೈಟುಗಳು. ನಾಲ್ಕನೆಯ ಕ್ಯಾಸೆಟ್ಟಿನ ನಡುವೆ ಬೂಷ್ಟು ಹಿಡಿದಿದ್ದ ಕಡೆ ಚಿತ್ರವು ಚೌಕ ಚೌಕವಾಗಿ ಒಡೆಯಿತು. ಐದು ನಿಮಿಷದ ಹಾಡು ಹೋಯಿತು. ಎರಡು ಸಲ ತಿರುಗಿಸಿ ಹಾಕಿದರೂ ಬರಲಿಲ್ಲ. “ಮೂರು ವರ್ಷದ ಹಿಂದೆಯೇ ಇಳಿಸಿದ್ದರೆ ಸಿಕ್ಕುತ್ತಿತ್ತೇನೋ” ಎಂದು ತಂದೆ ಹೇಳಿದರು. ಮಗನು ಉತ್ತರ ಕೊಡಲಿಲ್ಲ, ಐದನೆಯದನ್ನು ಕೈಗೆತ್ತಿಕೊಂಡನು.

ಮಂಟೇಸ್ವಾಮಿಯ ಕಥೆಯನ್ನೂ ಮಹದೇಶ್ವರನ ಕಥೆಯನ್ನೂ ಪಿ. ಕೆ. ರಾಜಶೇಖರ ಮೊದಲಾದ ವಿದ್ವಾಂಸರು ಕಳೆದ ಶತಮಾನದಲ್ಲಿಯೇ ಗಾಯಕರ ಬಾಯಿಂದ ಕೇಳಿ ಗ್ರಂಥಗಳಿಗೆ ಇಳಿಸಿದ್ದಾರೆ, ಪದಗಳು ಉಳಿದಿವೆ. ಆದರೆ ಇಂತಹ ಒಬ್ಬ ನೀಲಗಾರನ ಕಂಠ, ತಂಬೂರಿಯ ಮೇಲೆ ಅವನ ಬೆರಳು, ನಿದ್ದೆಗಣ್ಣಿನ ಮಕ್ಕಳು ಅವನ ಸುತ್ತ ಕುಳಿತ ಬಗೆ ಇವು ಪುಸ್ತಕದಲ್ಲಿ ಇರಲಾರವು. ಅವು ಯಾರದೋ ಮನೆಯ ಬೀರುವಿನ ಮೇಲೆ ಇರುತ್ತವೆ.

ವಾಚಕರ ಮನೆಗಳಲ್ಲಿಯೂ ಇಂತಹ ಪೆಟ್ಟಿಗೆಗಳು ಇಲ್ಲದಿಲ್ಲ: ಅಜ್ಜಿಯ ಷಷ್ಟ್ಯಬ್ದಿ, ತಂಗಿಯ ನಾಮಕರಣ, ಈಗ ಇಲ್ಲದ ಮಾವನವರ ನಗೆ. ಹೊಸ ಗಣಕವನ್ನು ಕೊಳ್ಳುವವರು ಅಂಗಡಿಗೆ ಹೊರಡುವ ಮುನ್ನ ಒಮ್ಮೆ ಆ ಪೆಟ್ಟಿಗೆಯನ್ನು ಇಳಿಸಿ, ಅದರಲ್ಲಿ ಯಾವ ಜಾತಿಯ ಕ್ಯಾಸೆಟ್ಟುಗಳಿವೆಯೆಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಲಿ. ಅಂಗಡಿಯವನು ಪ್ರಾಸೆಸರಿನ ವೇಗವನ್ನು ವರ್ಣಿಸತೊಡಗಿದಾಗ ಆ ಚೀಟಿಯನ್ನು ಅವನ ಮುಂದೆ ಇಟ್ಟರೆ ಸಾಕು.